ಪ್ರತಿ: ಮಂಗಳೂರಿನಲ್ಲಿ ಎಲ್‌ಜಿಬಿಟಿ ಚಿತ್ರೋತ್ಸವ, ಸೆನ್ಸಾರ್ ಬೇಕೇ?

ಪ್ರವೇಶ ಉಚಿತವಾದರೂ ಸೆನ್ಸಾರ್ ಬೇಕೇ ಅಂತ ಕೇಳಿದ್ದೀರಿ. ಬೇಕು. ಟಿಕೆಟ್ ಇಲ್ಲದಿದ್ದರೂ ಅದು ಸಾರ್ವಜನಿಕ ಪ್ರದರ್ಶನವೇ. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಪಡೆಯಿರಿ. ಅರ್ಜಿ ಜೊತೆ ಪ್ರತಿ ಚಿತ್ರದ ಸಾರಾಂಶ, ನಿಮ್ಮ ಆಯ್ಕೆ ಸಮಿತಿಯ ಶಿಫಾರಸು ಇರಲಿ. ಮುಂಬೈನ ಎಲ್‌ಜಿಬಿಟಿ ಚಿತ್ರೋತ್ಸವ ಕಶಿಶ್ 2010ರಲ್ಲಿ ಶುರುವಾದಾಗಲೇ ಸಚಿವಾಲಯದ ಒಪ್ಪಿಗೆಯೊಂದಿಗೆ ಚಿತ್ರಮಂದಿರಕ್ಕೆ ಹೋಯಿತು. ಸಲಿಂಗ ಸಂಬಂಧ ಅಪರಾಧವಲ್ಲ ಎಂದ, 377ನೇ ಸೆಕ್ಷನ್ ಬಗೆಗಿನ ಸುಪ್ರೀಂ ಕೋರ್ಟಿನ 2018ರ ತೀರ್ಪು ಆಗಿನ್ನೂ ದೂರದ ಮಾತು. ಗುಟ್ಟಾಗಿ ಅಲ್ಲ, ಎಲ್ಲರೂ ಬರುವ ಜಾಗದಲ್ಲೇ ತೋರಿಸಬೇಕೆಂಬುದು ಅವರ ಹಟ. ನನ್ನ ಪ್ರಕಾರ ಆ ಉತ್ಸವದ ತಿರುಳೇ ಅದು.

ಹೆಚ್ಚಿನವರು ಎಡವುವುದು ಚಿತ್ರ ತೋರಿಸುವ ಹಕ್ಕಿನಲ್ಲಿ. ಒಟಿಟಿ ಚಂದಾ ಮನೆಯಲ್ಲಿ ನೋಡಲಿಕ್ಕೆ ಮಾತ್ರ. ನಿರ್ದೇಶಕರಿಂದಲೋ ವಿತರಕರಿಂದಲೋ ಲಿಖಿತ ಅನುಮತಿ ತಗೊಳ್ಳಿ, ಫೈಲ್ ಕೂಡ ಅವರಿಂದಲೇ. ಕನ್ನಡ ಸಬ್‌ಟೈಟಲ್ ಹಾಕುವುದಾದರೆ ಅದೇ ಪ್ರೊಜೆಕ್ಟರಿನಲ್ಲಿ ಮೊದಲೇ ಓಡಿಸಿ ನೋಡಿ, ಒತ್ತಕ್ಷರಗಳು ಒಡೆದು ಬರುವುದುಂಟು.