ಅಪ್ಪ ಎಲ್ಲಿದ್ದಾರೆ ಅಂತ ಅಮ್ಮ ಕೇಳ್ತಾರೆ

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ತೋಟದ ಮನೆ. ಅಮ್ಮ ಕ್ಯಾಥೊಲಿಕ್, ಅಪ್ಪ ಹಿಂದೂ. ಪ್ರತಿ ಭಾನುವಾರ ಅಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಮಳೆ ಇದ್ದರೆ ಚರ್ಚಿನ ಬಾಗಿಲವರೆಗೂ ಕೊಡೆ ಹಿಡಿದು ಬಿಟ್ಟು, ಪೂಜೆ ಮುಗಿಯುವವರೆಗೆ ಹೊರಗೆ ಕಾಯುತ್ತಿದ್ದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಪ್ರಾರ್ಥನಾ ಕೂಟದವರೊಬ್ಬರು, 'ಜ್ಞಾನಸ್ನಾನ (ಕ್ರೈಸ್ತರಾಗುವ ದೀಕ್ಷೆ) ಆಗದವರಿಗೆ ನರಕವೇ' ಅಂದುಬಿಟ್ಟರು. ಅಮ್ಮನಿಗೆ ಈಗ ನಿದ್ದೆಯೇ ಇಲ್ಲ. ಕೊನೆಗೆ ಎಲ್ಲರಿಗೂ ರಕ್ಷಣೆ ಸಿಗುತ್ತದೆ ಅನ್ನುವ ಕ್ರೈಸ್ತರೂ ಇದ್ದಾರಂತೆ. ಅದನ್ನೇ ಹೇಳಿಬಿಡಲೇ?

ಉತ್ತರ: ತಂಗಿ, ಪತ್ರ ಓದಿ ಮುಗಿಸಿದ ಮೇಲೂ ಆ ಕೊಡೆಯೇ ನನ್ನ ಕಣ್ಣ ಮುಂದಿತ್ತು. ಕೂಟದವರ ಮಾತಿಗೆ ಸಿಟ್ಟೂ ಬಂತು. ಕ್ಯಾಥೊಲಿಕ್ ಧರ್ಮಸಭೆ ಎಷ್ಟೋ ಜನರನ್ನು ಸಂತರೆಂದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಅಂತ ಒಬ್ಬರ ಹೆಸರನ್ನೂ ಹೇಳಿಲ್ಲ. ಇವರು ಹೇಗೆ ಹೇಳಿದರು? ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಅಲ್ಲಿ ಕ್ರೈಸ್ತರಿಗೆ ನೆಲೆ ಕೊಟ್ಟ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನಿಗೂ ಜ್ಞಾನಸ್ನಾನ ಆಗಿರಲಿಲ್ಲ, ಅಲ್ವಾ?

ಆದರೆ 'ಎಲ್ಲರಿಗೂ ಖಂಡಿತ ರಕ್ಷಣೆ' ಅಂತ ಸುಮ್ನೆ ಹೇಳಬೇಡಿ. ಅದು ಅಮ್ಮನ ಧರ್ಮಸಭೆಯ ಬೋಧನೆ ಅಲ್ಲ, ಅವರಿಗೂ ಅದು ಗೊತ್ತಿರುತ್ತದೆ. ಈ ಚರ್ಚೆ ಬಹಳ ಹಳೆಯದು. ಕೊನೆಗೆ ಎಲ್ಲವೂ ದೇವರ ಬಳಿಗೇ ಮರಳುತ್ತದೆ ಎಂಬ ಆಸೆ 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್‌ಗಿತ್ತು. 6ನೇ ಶತಮಾನದಲ್ಲಿ ಅವರ ಹೆಸರಿನ ಬೋಧನೆಗಳನ್ನು ಧರ್ಮಸಭೆ ಖಂಡಿಸಿತು. ಹೆಚ್ಚು ಕಡಿಮೆ ಅದೇ ಆಸೆ ಇಟ್ಟುಕೊಂಡಿದ್ದ ನಿಸ್ಸಾದ ಬಿಷಪ್ ಗ್ರೆಗೊರಿ ಮಾತ್ರ ಇವತ್ತಿಗೂ ಸಂತರು. ಒಬ್ಬರು ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ನಿತ್ಯ ದಂಡನೆಯನ್ನು ತೋರಿಸುತ್ತಾರೆ. ಇನ್ನೊಬ್ಬರು, ಎಲ್ಲರೂ ರಕ್ಷಣೆ ಹೊಂದಬೇಕೆಂದು ದೇವರ ಇಷ್ಟ ಅಂತ ತಿಮೊಥೇಯನಿಗೆ ಬರೆದ ಪತ್ರ ತೆಗೆಯುತ್ತಾರೆ. ಅದನ್ನು ನೀವು ತೀರ್ಮಾನ ಮಾಡಬೇಕಿಲ್ಲ.

ಅಮ್ಮನಿಗೆ ಇದನ್ನು ಹೇಳಿ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ನಿಜವಾದ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿಗೆ ತಕ್ಕಂತೆ ನಡೆದವರಿಗೂ ರಕ್ಷಣೆ ಸಾಧ್ಯ. 1964ರಲ್ಲಿ ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ ಮಾತಿದು. 'ಚರ್ಚಿನ ಬಾಗಿಲವರೆಗೆ ಬಂದವರಿಗೆ ಅರಿವಿರಲಿಲ್ಲವೇ?' ಅಂತ ಕೂಟದವರು ಕೇಳಬಹುದು. ನಿಮ್ಮ ಅಪ್ಪನ ಒಳಗೆ ಏನಿತ್ತು ಅನ್ನುವುದು ದೇವರಿಗೆ ಗೊತ್ತು. ಕೂಟದವರಿಗೆ ಗೊತ್ತಿಲ್ಲ.

ಮಾತಿಗಿಂತ ಜಾಸ್ತಿ ಅಮ್ಮನಿಗೆ ಈಗ ಮಾಡಲು ಏನಾದರೂ ಬೇಕು. ಫಾದರ್ ಹತ್ತಿರ ಕರೆದುಕೊಂಡು ಹೋಗಿ. ಅಪ್ಪನಿಗಾಗಿ ಒಂದು ಬಲಿಪೂಜೆ (ಚರ್ಚಿನ ಮಾಸ್) ಒಪ್ಪಿಸಲು ಕೇಳಿ. ಕ್ರೈಸ್ತರಲ್ಲದವರಿಗಾಗಿಯೂ ಒಪ್ಪಿಸಬಹುದು. ನವೆಂಬರ್ 2, ಮೃತರ ಸ್ಮರಣೆಯ ದಿನ, ಅಮ್ಮ ತವರಿನವರ ಸಮಾಧಿಗೆ ಮೊಂಬತ್ತಿ ಹಚ್ಚುತ್ತಾರಲ್ಲ, ಒಂದನ್ನು ಉಳಿಸಿಕೊಳ್ಳಲು ಹೇಳಿ. ಸಂಜೆ ಇಬ್ಬರೂ ಅಪ್ಪನ ಚಿತೆ ಉರಿದ ಜಾಗಕ್ಕೆ ಹೋಗಿ, ಅಲ್ಲಿ ಹಚ್ಚಿ.