ಮಳೆಗೆ ಮಕಾಡೆ ಮಲಗಿದ ಟುಲಿಪ್

ಪ್ರಶ್ನೆ: ಅಕ್ಕ, ನಮಸ್ಕಾರ. ನಾವು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ಗೆ ಬಂದು ಮೂರು ವರ್ಷವಾಯಿತು. ಬಂದ ವರ್ಷ ಸೆಪ್ಟೆಂಬರ್‌ನಲ್ಲೇ ‘ಆಂಜೆಲಿಕ್’ ಟುಲಿಪ್‌ನ 20 ಗಡ್ಡೆ ನೆಟ್ಟೆ. ಎಲೆ ಮೇಲೆ ಸುಟ್ಟಂಥ ಕಲೆ ಬಂತು. ಹೂವೇನೋ ಬಿಟ್ಟಿತು, ಮೇ ತಿಂಗಳ ಒಂದು ಮಳೆಗೆ ಎಲ್ಲಾ ಮಕಾಡೆ. ಮರುವರ್ಷ ಗಡ್ಡೆಗೊಂದು ಎಲೆ, ಅಷ್ಟೇ. ಏನು ತಪ್ಪು ಮಾಡಿದೆ? ಮೈಸೂರಿನಲ್ಲಿರುವ ನಮ್ಮ ಅತ್ತೆಗೂ ಈ ಗಡ್ಡೆ ಬೇಕಂತೆ. ಅಲ್ಲಿ ಬರುತ್ತದಾ?

ಉತ್ತರ: ತಪ್ಪೇನಲ್ಲ ತಂಗೀ, ಅವಸರ. ಸೆಪ್ಟೆಂಬರ್‌ಗೆ ಅಂಗಡಿಗಳಲ್ಲಿ ಗಡ್ಡೆ ರಾಶಿ ಬಿದ್ದಿರುತ್ತದೆ. ತಂದ ಮೇಲೆ ಕೈ ಸುಮ್ನಿರುತ್ತದಾ? ಇಲ್ಲಿಯ ಹಾರ್ಲೆಮ್ ಊರಿಗೆ ಬಂದ ಹೊಸತರಲ್ಲಿ ನಾನೂ ಹಾಗೇ ಮಾಡಿದ್ದೆ. ಮಣ್ಣು ಬೆಚ್ಚಗಿರುವಾಗ ನೆಟ್ಟರೆ ಬೂಷ್ಟು ರೋಗ ಬೇಗ ಹತ್ತುತ್ತದೆ. ಸುಟ್ಟಂಥ ಕಲೆ ಅಂದಿರಲ್ಲ, ಅದು ಬಹುಶಃ ಅದೇ. ಟುಲಿಪ್ ಫೈರ್ ಅಂತಲೇ ಅದಕ್ಕೆ ಹೆಸರು. ಕಲೆ ಇದ್ದ ಗಿಡಗಳನ್ನು ಗಡ್ಡೆ ಸಮೇತ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗಂತೂ ಬೇಡ. ಆ ಜಾಗದಲ್ಲಿ ಮೂರು ವರ್ಷ ಟುಲಿಪ್ ನೆಡಬೇಡಿ.

ಹೊಸ ಗಡ್ಡೆಯನ್ನು ನವೆಂಬರ್‌ನಲ್ಲಿ ನೆಡಿ. ಚಳಿಗೆ ಕೈ ಮರಗಟ್ಟಿದರೂ ಸರಿ. ಆಳ 15 ಸೆಂಟಿಮೀಟರ್, ಅಂದರೆ ಮುಕ್ಕಾಲು ಗೇಣಿಗೂ ಸ್ವಲ್ಪ ಕಡಿಮೆ. ನಡುವೆ ನಾಲ್ಕು ಬೆರಳಿಗಿಂತ ತುಸು ಜಾಸ್ತಿ ಅಂತರ. ಮಣ್ಣು ಜಿಗುಟಾಗಿದ್ದರೆ ಮರಳು ಬೆರೆಸಿ, ಪಾತಿ ಎತ್ತರಿಸಿ. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ.

ಮಳೆಗೆ ಮಲಗಿದ್ದಕ್ಕೆ ಗಿಡವನ್ನು ಬೈಯಬೇಡಿ. ಆಂಜೆಲಿಕ್ ನಮ್ಮ ಏಳುಸುತ್ತಿನ ಮಲ್ಲಿಗೆಯ ಹಾಗೆ, ಎಸಳ ಮೇಲೆ ಎಸಳು. ದಂಟು ಇರುವುದು ಬರೀ 40-45 ಸೆಂಟಿಮೀಟರ್. ಎಸಳ ಸಂದಿಯಲ್ಲೆಲ್ಲ ನೀರು ತುಂಬಿದರೆ ಆ ಭಾರ ಯಾವ ದಂಟು ಹೊರುತ್ತದೆ ಹೇಳಿ! ಇದು ತಡವಾಗಿ ಅರಳುವ ಜಾತಿ. ಇಲ್ಲಿಯ ಹೆಸರುವಾಸಿ ಟುಲಿಪ್ ತೋಟ ಕ್ಯೂಕೆನ್‌ಹೋಫ್ ಮೇ ತಿಂಗಳಲ್ಲಿ ಬಾಗಿಲು ಹಾಕುವ ಹೊತ್ತಿಗೆ ಇದರ ಸರದಿ. ಮಾರ್ಚ್ ಕೊನೆಗೆ ಬಂದ ನಮ್ಮ ನೆಂಟರಿಗೆ ಪ್ರತಿ ಸಲವೂ ಹಸಿರು ಮೊಗ್ಗೇ ಗತಿ. ಗೋಡೆಯ ಮರೆಯಲ್ಲಿ, ಬಿಸಿಲು ಬೀಳುವ ಕಡೆ ನೆಡಿ. ಮೊಗ್ಗಿಗೆ ಗುಲಾಬಿ ಬಣ್ಣ ಏರುತ್ತಿದ್ದ ಹಾಗೆ ಅರ್ಧದಷ್ಟು ಕತ್ತರಿಸಿ ಮನೆಯೊಳಗೆ ಹೂದಾನಿಗೆ ಇಟ್ಟುಬಿಡಿ. ಮಳೆಗೆ ಕೊಡುವುದಕ್ಕಿಂತ ಮೇಜಿಗೆ ಕೊಡುವುದು ವಾಸಿ.

ಇನ್ನು ಒಂದೇ ಎಲೆಯ ಸಂಗತಿ. ಶಿರಸಿಯಲ್ಲಿ ನಮ್ಮಮ್ಮ ಡೇರೆ (ಡೇಲಿಯಾ) ಗಡ್ಡೆ ಕಾಪಾಡಿ ವರ್ಷವರ್ಷ ಹೂ ಬಿಡಿಸುತ್ತಿದ್ದಳು. ಟುಲಿಪ್ ಕೂಡ ಹಾಗೇ ಅಂದುಕೊಂಡು ನಾನು ಮೂರು ವರ್ಷ ಮೋಸ ಹೋದೆ. ಟುಲಿಪ್‌ನಲ್ಲಿ ನೆಟ್ಟ ಗಡ್ಡೆ ಹೂ ಬಿಟ್ಟು ಕರಗಿಹೋಗುತ್ತದೆ. ಅದರ ಜಾಗಕ್ಕೆ ಮರಿಗಡ್ಡೆಗಳು ಬರುತ್ತವೆ. ಮರಿ ಸಣ್ಣದಿದ್ದರೆ ಒಂದೇ ಅಗಲ ಎಲೆ ಬಿಟ್ಟು ಸುಮ್ಮನಾಗುತ್ತದೆ. ಹೂ ಬಾಡಿದ ಕೂಡಲೇ ತಲೆ ಚಿವುಟಿ, ಎಲೆ ತಾನಾಗಿ ಹಳದಿಯಾಗುವವರೆಗೆ, ಸುಮಾರು ಆರು ವಾರ ಬಿಟ್ಟರೆ ಮರಿ ಸ್ವಲ್ಪ ದಪ್ಪವಾಗುತ್ತದೆ. ಆದರೂ ಈ ಸುತ್ತಿನ ಜಾತಿ ಎರಡನೇ ವರ್ಷ ಸೊರಗುವುದೇ ಹೆಚ್ಚು. ನಾನಂತೂ ಈಗ ವರ್ಷಕ್ಕೆ 15 ಹೊಸ ಗಡ್ಡೆ ತರುತ್ತೇನೆ. ದಸರೆಗೆ ಸೇವಂತಿಗೆ ಕೊಳ್ಳುವಾಗ ಅದು ಮುಂದಿನ ವರ್ಷವೂ ಇರಲಿ ಅಂತ ಯಾರು ಕೇಳುತ್ತಾರೆ, ಅಲ್ವಾ?

ಅತ್ತೆಯವರಿಗೆ ಬೇಡ ಅನ್ನಿ. ಇದಕ್ಕೆ 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಮೈಸೂರಿನಲ್ಲಿ ಅಷ್ಟು ಚಳಿ ಫ್ರಿಜ್ಜಿನೊಳಗೆ ಮಾತ್ರ. ಅಕ್ಟೋಬರ್‌ನಲ್ಲಿ ಒಳಗಿಟ್ಟರೂ ಕುಂಡ ಸೇರುವುದು ಜನವರಿಗೆ, ತಡವಾಗಿ ಅರಳುವ ಇದು ಮೊಗ್ಗಾಗುವಷ್ಟರಲ್ಲಿ ಬೇಸಿಗೆ. ಕೇಳದೆ ಇಟ್ಟೇ ಇಡುತ್ತಾರೆ ಅಂದರೆ, ಸೇಬಿನ ಪಕ್ಕ ಮಾತ್ರ ಬೇಡ. ನಾನೊಮ್ಮೆ ಇಟ್ಟಿದ್ದೆ. ಹಣ್ಣಿನ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸತ್ತು ಬರೀ ಎಲೆ ಬಂತು. ಡಬ್ಬಿಯ ಮೇಲೆ ‘ಟುಲಿಪ್’ ಅಂತ ದೊಡ್ಡದಾಗಿ ಬರೆಯಿರಿ. ನೋಡಲು ಥೇಟ್ ಈರುಳ್ಳಿ, ತಿಂದರೆ ಹೊಟ್ಟೆ ಕೆಡುತ್ತದೆ. ಎರಡನೇ ಮಹಾಯುದ್ಧದ ಕಾಲದ, 1944-45ರ ಹಸಿವಿನ ಚಳಿಗಾಲದಲ್ಲಿ ಇಲ್ಲಿಯ ಜನ ನಡುವಿನ ಹಳದಿ ಮೊಳಕೆ ತೆಗೆದು ಇದನ್ನೇ ಬೇಯಿಸಿ ತಿಂದಿದ್ದರು. ಅತ್ತೆಯವರ ಹುಳಿಗೆ ಅಂಥ ಗತಿ ಬರುವುದು ಬೇಡ.