ಕಾರು ಸಣ್ಣದು, ಮಳೆ ದೊಡ್ಡದು: ಕೊಡಗಿನ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಎಲ್ಲವೂ 800ರಿಂದ 1200 ಸಿಸಿಯ ಪೆಟ್ರೋಲ್ ಕಾರುಗಳ ಬಗ್ಗೆ. ಕಂಪನಿ, ಮಾಡೆಲ್ ಹೆಸರು ಬಿಟ್ಟಿದ್ದೇವೆ, ಏಕೆಂದರೆ ಈ ದೂರುಗಳು ಯಾವುದೋ ಒಂದು ಮಾಡೆಲ್‌ಗೆ ಸೀಮಿತವಲ್ಲ. ಸರ್ವಿಸ್ ಪುಸ್ತಕ ಮುಖ್ಯವಾಗಿ ಕಿಲೋಮೀಟರ್ ಲೆಕ್ಕ ಹಿಡಿಯುತ್ತದೆ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡುವ ತೋಟದ ಕಾರಿಗೆ ಆ ಲೆಕ್ಕ ಕೂಡಿಬರುವುದಿಲ್ಲ. ಇಲ್ಲಿ ಕಾರನ್ನು ತಿನ್ನುವುದು ನೀರು ಮತ್ತು ಏರಿಳಿತ. ಮೇ ಕೊನೆಯೊಳಗೆ ಒಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಕಾರನ್ನು ಮೇಲೆತ್ತಿ ಅಡಿಭಾಗ ನೋಡಿಸಿ. ಕೆಳಗಿನ ಉತ್ತರಗಳೆಲ್ಲ ಈ ಎರಡು ತಪಾಸಣೆಯ ಸುತ್ತಲೇ ಇವೆ.

ಪ್ರ: ವಾರಕ್ಕೊಮ್ಮೆ ಮಡಿಕೇರಿಯಿಂದ ಸುಳ್ಯಕ್ಕೆ ಹೋಗುತ್ತೇನೆ. ಸಂಪಾಜೆ ಹತ್ತಿರವಾಗುವಷ್ಟರಲ್ಲಿ ಸುಟ್ಟ ವಾಸನೆ. ಒಮ್ಮೊಮ್ಮೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಪ್ಯಾಡ್ ಹೊಸದು. ಗ್ಯಾರೇಜಿನಲ್ಲಿ ನೋಡಿದರೆ ಪೆಡಲ್ ಸರಿಯಾಗಿಯೇ ಇರುತ್ತದೆ, 'ಏನೂ ಇಲ್ಲ ಸಾರ್' ಅನ್ನುತ್ತಾರೆ. (ಮಡಿಕೇರಿ)

ಉ: ಗ್ಯಾರೇಜಿಗೆ ಹೋಗುವಷ್ಟರಲ್ಲಿ ಬ್ರೇಕ್ ತಣಿದಿರುತ್ತದೆ, ಅದಕ್ಕೇ ಏನೂ ಕಾಣುವುದಿಲ್ಲ. ಮಡಿಕೇರಿಯಿಂದ ಸುಳ್ಯ ತಲುಪುವಾಗ ಹೆಚ್ಚುಕಡಿಮೆ ಸಾವಿರ ಮೀಟರ್ ಇಳಿದಿರುತ್ತೀರಿ. ನಾಲ್ವರು ಕೂತ ಸಣ್ಣ ಕಾರಿನ ತೂಕ ಸುಮಾರು 1,100 ಕೆ.ಜಿ. ಅಷ್ಟು ತೂಕ ಅಷ್ಟು ಇಳಿದರೆ ಬಿಡುಗಡೆಯಾಗುವ ಶಕ್ತಿ 3 ಯೂನಿಟ್ ಕರೆಂಟಿನಷ್ಟು, ಅಂದರೆ ಸಾವಿರ ವಾಟ್ಸಿನ ಇಸ್ತ್ರಿಪೆಟ್ಟಿಗೆ ಮೂರು ಗಂಟೆ ಉರಿದಷ್ಟು. ಸ್ವಲ್ಪ ಭಾಗ ಗಾಳಿಗೂ ಟೈರಿಗೂ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ಹಿಡಿದುಕೊಳ್ಳಬೇಕು, ಇಲ್ಲವಾದರೆ ಮುಂದಿನ ಎರಡು ಡಿಸ್ಕ್ ಮತ್ತು ಹಿಂದಿನ ಎರಡು ಡ್ರಮ್ ಹೊರಬೇಕು.

ಪೆಡಲ್ ಹೇಗಿದೆ ಎಂಬುದರಿಂದಲೇ ಕಾಯಿಲೆ ಗೊತ್ತಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದಿದೆ. ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ (ಸೀಸೆಯ ಮೇಲೆ ಬರೆದಿರುತ್ತದೆ) ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ನಿಮ್ಮ ಕಾಲಿನ ಒತ್ತಡ ಆ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿಯುತ್ತದೆ, ಪ್ಯಾಡ್‌ವರೆಗೆ ಹೋಗುವುದಿಲ್ಲ. ನಿಮ್ಮದು ಇದೇ. ಹೊಸ ಪ್ಯಾಡ್ ಹಾಕಿದವರು ಹಳೆಯ ಆಯಿಲನ್ನು ಹಾಗೇ ಬಿಟ್ಟಿದ್ದಾರೆ.

ಮಾಡಬೇಕಾದ್ದು: ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಪೈಪಿನೊಳಗಿನ ಹಳೆಯ ಆಯಿಲನ್ನೂ ಗಾಳಿಯನ್ನೂ ಚಕ್ರದ ಬಳಿಯಿಂದಲೇ ಹೊರಬಿಡಿಸಿ. ಡಬ್ಬಿಯಲ್ಲಿ ಕಾಣುವ ಕಪ್ಪು ಆಯಿಲ್ ಹೀರಿ ಹೊಸದು ತುಂಬಿದರೆ ಕೆಲಸ ಆದಂತಲ್ಲ, ಕಾಯುವುದು ಚಕ್ರದ ಹತ್ತಿರವಿರುವ ಆಯಿಲ್. ಸೀಲ್ ಒಡೆಯದ ಹೊಸ ಸೀಸೆಯನ್ನು ನಿಮ್ಮ ಎದುರೇ ತೆರೆಯಲಿ. ಡಾಟ್ 3 ಇರುವ ಕಾರಿಗೆ ಡಾಟ್ 4 ಹಾಕಬಹುದು, ಡಾಟ್ 5 ಹಾಕಬಾರದು. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಇದನ್ನು ಮಾಡಿಸಿ, ಕಾರು ಎಷ್ಟೇ ಕಡಿಮೆ ಓಡಿರಲಿ.

ಇನ್ನು ಓಡಿಸುವ ರೀತಿ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು, ಎನ್ನುವ ಹಳೆಯ ಡ್ರೈವರುಗಳ ಮಾತು ಸರಿ. ಸೆಕೆಂಡ್ ಅಥವಾ ಥರ್ಡಿನಲ್ಲಿ ಎಂಜಿನ್ ಸ್ವಲ್ಪ ಕೂಗುತ್ತದೆ, ಕೂಗಲಿ. ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬುರೇಟರ್ ಕಾಲದ ನಂಬಿಕೆ. ಈಗಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಜೆಕ್ಟರ್ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲಿಕ್ಕಾದರೂ ಕುಡಿಯುತ್ತಲೇ ಇರುತ್ತದೆ.

ದಾರಿಯಲ್ಲೇ ಪೆಡಲ್ ಮೆತ್ತಗಾದರೆ ಪಟಪಟನೆ ನಾಲ್ಕೈದು ಸಲ ತುಳಿದು ಒತ್ತಡ ಕಟ್ಟಿಸಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲನೆ ಎಳೆದು ನಿಲ್ಲಿಸಿ. ಅರ್ಧ ಗಂಟೆ ಬಿಡಿ. ಚಕ್ರಕ್ಕೆ ನೀರು ಎರಚಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ.

ಪ್ರ: ಮಳೆಗಾಲದಲ್ಲಿ ಎಡಗಡೆ ಸೀಟಿನ ಕೆಳಗೆ ನೀರು. ಬಾಗಿಲಿನ ರಬ್ಬರ್ ಎರಡು ಸಲ ಬದಲಿಸಿದ್ದಾಯಿತು. ಕಕ್ಕಡ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಬಂತೆಂದರೆ ಕಾರಿನೊಳಗೆ ಕೊಳೆತ ವಾಸನೆ. (ನಾಪೋಕ್ಲು)

ಉ: ಬಾಗಿಲಿನ ರಬ್ಬರಿಗೆ ಸುಮ್ಮನೆ ದುಡ್ಡು ಹಾಕಿದ್ದೀರಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮ್ಯಾಟ್ ತೆಗೆದು ಒಣಗಿಸಿ, ನೆಲದ ಮೇಲೆ ದಿನಪತ್ರಿಕೆ ಹಾಸಿ. ಎಸಿ ಹಾಕದೆ ಒಂದು ರಾತ್ರಿ ಕಾರನ್ನು ಮಳೆಯಲ್ಲಿ ನಿಲ್ಲಿಸಿ. ಪತ್ರಿಕೆ ಒದ್ದೆಯಾದರೆ ಅದು ಮಳೆನೀರು. ಒಣಗಿಯೇ ಇದ್ದು, ಎಸಿ ಓಡಿಸಿದ ದಿನ ಮಾತ್ರ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ರಬ್ಬರ್ ಪೈಪ್ ಕಟ್ಟಿದೆ. ಕೈಗೆ ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ, ಗಾಜಿನ ಒಳಬದಿಗೆ ಎಣ್ಣೆಯಂಥ ಪೊರೆ ಕಟ್ಟಿದರೆ, ಹೀಟರಿನಿಂದ ಕೂಲಂಟ್ ಸೋರುತ್ತಿದೆ. ಅದನ್ನು ಕೂಡಲೇ ತೋರಿಸಿ.

ನೆರಳಿನ ತೋಟದಲ್ಲಿ ನಿಲ್ಲುವ ಕಾರುಗಳಲ್ಲಿ ಬಹುಪಾಲು ಮೊದಲನೆಯದೇ. ವೈಪರಿನ ಬುಡದಲ್ಲಿ ಗಾಜಿನ ಕೆಳಗೆ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರಡಿ ಒಂದು ಕಾಲುವೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅದರಲ್ಲಿ ಹರಿದು ಎರಡೂ ತುದಿಯ ತೂತಿನಿಂದ ಮುಂದಿನ ಚಕ್ರದ ಹಿಂದೆ ಇಳಿಯಬೇಕು. ಸಿಲ್ವರ್ ಓಕಿನ ಎಲೆ ಒಣಗಿದಾಗ ಪುಡಿಪುಡಿಯಾಗಿ ಜಾಲರಿಯಲ್ಲಿ ನುಸುಳುತ್ತದೆ, ಒದ್ದೆಯಾದಾಗ ಗೊಬ್ಬರದಂತೆ ಕೂರುತ್ತದೆ. ತೂತು ಮುಚ್ಚಿದರೆ ಕಾಲುವೆ ತುಂಬಿ, ಬ್ಲೋವರ್ ಗಾಳಿ ಎಳೆಯುವ ಬಾಯಿಯ ಮೂಲಕ ಒಳಕ್ಕೆ. ಆ ಬಾಯಿ ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಎಡಗಡೆ. ಅದಕ್ಕೇ ಎಡ ಸೀಟಿನವರ ಕಾಲು ನೆನೆಯುತ್ತದೆ.

ವೈಪರ್ ತೋಳಿನ ನಟ್ ಬಿಚ್ಚಿ, ಕ್ಲಿಪ್ಪುಗಳನ್ನು ಎಬ್ಬಿಸಿ ಜಾಲರಿ ತೆಗೆಯಿರಿ. ಒಣಗಿದ ಕ್ಲಿಪ್ ಮುರಿಯುವುದು ಗ್ಯಾರಂಟಿ, ಹತ್ತು ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಕಸವನ್ನು ಕೈಯಲ್ಲೇ ತೆಗೆಯಿರಿ. ಪೈಪ್ ಹಿಡಿದು ನೀರು ಬಿಟ್ಟರೆ ಅಷ್ಟೂ ಕಸ ತೂತಿಗೇ ಹೋಗಿ ಕೂರುತ್ತದೆ. ಕೊನೆಗೆ ಒಂದು ಲೀಟರ್ ಜಗ್ಗಿನಿಂದ ನಿಧಾನ ಸುರಿದು, ಎರಡೂ ಬದಿಯಲ್ಲಿ ನೀರು ತಡೆಯಿಲ್ಲದೆ ಇಳಿಯುತ್ತದೆಯೇ ಬಗ್ಗಿ ನೋಡಿ. ನಾಲ್ಕೂ ಬಾಗಿಲಿನ ಕೆಳ ಅಂಚಿನ ಸಣ್ಣ ತೂತುಗಳನ್ನೂ ತೆಂಗಿನ ಕಡ್ಡಿಯಿಂದ ಬಿಡಿಸಿ. ಬಾಗಿಲು ಹಾಕಿದಾಗ ಒಳಗೆ ಗುಳಗುಳ ಸದ್ದು ಬರುತ್ತಿದ್ದರೆ ಅವು ಮುಚ್ಚಿವೆ ಅಂತಲೇ ಅರ್ಥ.

ವಾಸನೆ ಹೋಗಲು ಸ್ಪ್ರೇ ಹೊಡೆದರೆ ಸಾಲದು. ಕಾರ್ಪೆಟ್ಟಿನ ಅಡಿಯ ಸ್ಪಂಜು ಲೀಟರುಗಟ್ಟಲೆ ನೀರು ಹಿಡಿದಿಟ್ಟಿರುತ್ತದೆ. ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿ ಕಾರ್ಪೆಟ್ ಎತ್ತಿ ಒಣಗಿಸಿ. ಸೀಟಿನಡಿ ಏರ್‌ಬ್ಯಾಗಿನ ಹಳದಿ ವೈರ್ ಇದ್ದರೆ ಬ್ಯಾಟರಿ ಕಳಚಿದ ಮೇಲೆಯೇ ಕೈ ಹಾಕಬೇಕು.

ಪ್ರ: ಮನೆಗೆ ಹೋಗುವ ದಾರಿ ಕಡಿದಾದ ಏರು. 30 ಸಾವಿರ ಕಿ.ಮೀ. ಆಗುವಷ್ಟರಲ್ಲಿ ಕ್ಲಚ್ ಪ್ಲೇಟ್ ಹೋಯಿತು. ಬದಲಿಸಿ ವರ್ಷವಾಗಿಲ್ಲ, ಮತ್ತೆ ವಾಸನೆ. (ಸೋಮವಾರಪೇಟೆ)

ಉ: ಮಡಿಕೇರಿಯಷ್ಟು ಎತ್ತರದಲ್ಲಿ, ಅಂದರೆ 1,100 ಮೀಟರಿನ ಮೇಲೆ, ಗಾಳಿ ತೆಳುವಾಗಿ ಟರ್ಬೋ ಇಲ್ಲದ ಎಂಜಿನ್ನಿನ ಬಲ ಶೇ 10ರಷ್ಟು ಕುಗ್ಗುತ್ತದೆ. ನಿಮ್ಮಲ್ಲೂ ಹೆಚ್ಚುಕಡಿಮೆ ಅದೇ ಕತೆ. ಆ ಕೊರತೆಯನ್ನು ನಾವು ಅರ್ಧ ಕ್ಲಚ್ಚಿನಲ್ಲಿ ತುಂಬಿಸಲು ಹೋಗುತ್ತೇವೆ. ಏರಿನಲ್ಲಿ ಗೇಟು ತೆಗೆಯಲು ನಿಂತಾಗ ಕಾರನ್ನು ಕ್ಲಚ್ಚಿನಲ್ಲಿ ತೂಗಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿ. ಹೊರಡುವಾಗ ಫಸ್ಟ್ ಹಾಕಿ, ಮೂತಿ ತುಸು ಎದ್ದಂತಾದಾಗ ಹ್ಯಾಂಡ್‌ಬ್ರೇಕ್ ಬಿಡಿ.

ಪ್ಲೇಟ್ ಜಾರುತ್ತಿದೆಯೇ ತಿಳಿಯಲು ಸಮತಟ್ಟು ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಥರ್ಡ್ ಗೇರ್ ಹಾಕಿ ಕ್ಲಚ್ ಮೆಲ್ಲನೆ ಬಿಡಿ. ಎಂಜಿನ್ ಆಫ್ ಆದರೆ ಪ್ಲೇಟ್ ಚೆನ್ನಾಗಿದೆ, ಓಡುತ್ತಲೇ ಇದ್ದರೆ ಮುಗಿದಿದೆ. ವರ್ಷದೊಳಗೆ ಮತ್ತೆ ವಾಸನೆ ಎಂದರೆ ಮೂರು ಅನುಮಾನ. ಪ್ಲೇಟ್ ಮಾತ್ರ ಬದಲಿಸಿ ಪ್ರೆಷರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಹಳೆಯದೇ ಬಿಟ್ಟಿರಬಹುದು. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟ್ ನೆನೆದಿರಬಹುದು. ಕೇಬಲ್ ಕ್ಲಚ್ ಆಗಿದ್ದರೆ ಪೆಡಲಿಗೆ ಫ್ರೀ ಪ್ಲೇ ಬಿಡದೆ ಬಿಗಿದಿರಬಹುದು. ಕೊನೆಯದು ಮೊದಲು ನೋಡಿ, ಅದಕ್ಕೆ ಖರ್ಚಿಲ್ಲ. ಬೆರಳಲ್ಲಿ ಒತ್ತಿದರೆ ಪೆಡಲ್ ಸ್ವಲ್ಪ ದೂರ ಸಲೀಸಾಗಿ ಹೋಗಬೇಕು. ಎಷ್ಟು ಮಿ.ಮೀ. ಎಂಬುದು ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿದೆ.

ಪ್ರ: ಹೊಸ ಕಾರು ಕೊಳ್ಳಬೇಕು. ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ಗೇರನ್ನು ತಾನೇ ಬದಲಿಸುವ ಕಾರು) ತೆಗೆದುಕೊಳ್ಳಲೋ, ಸಿಎನ್‌ಜಿ ತೆಗೆದುಕೊಳ್ಳಲೋ? (ವಿರಾಜಪೇಟೆ)

ಉ: ಮಾಕುಟ್ಟ ಘಾಟಿಯಲ್ಲಿ ಓಡಾಡುವವರಾದರೆ ಸಿಎನ್‌ಜಿ ನಮ್ಮ ಆಯ್ಕೆಯಲ್ಲ. ಒಂದು ಲೀಟರ್ ಎಂಜಿನ್ ಪೆಟ್ರೋಲಿನಲ್ಲಿ 67 ಎಚ್‌ಪಿ ಆಸುಪಾಸು ಕೊಟ್ಟರೆ ಸಿಎನ್‌ಜಿಯಲ್ಲಿ 57ರಷ್ಟು. ಎತ್ತರ ಕಸಿಯುವುದು ಇದರ ಮೇಲೆ. ಡಿಕ್ಕಿಯಲ್ಲಿ ಸಿಲಿಂಡರ್ ಕೂತರೆ ಸಂತೆಯ ಚೀಲಕ್ಕೂ ಜಾಗವಿಲ್ಲ. ಎಎಂಟಿ ಪರವಾಗಿಲ್ಲ, ಆದರೆ ಹಿಲ್ ಹೋಲ್ಡ್ (ಏರಿನಲ್ಲಿ ಹೊರಡುವಾಗ ಕಾರು ಹಿಂದಕ್ಕೆ ಉರುಳದಂತೆ ಹಿಡಿಯುವ ಸೌಲಭ್ಯ) ಇರುವುದನ್ನೇ ನೋಡಿ. ಎಎಂಟಿಯೊಳಗೆ ಇರುವುದೂ ಮಾಮೂಲಿ ಕ್ಲಚ್ಚೇ, ಅದನ್ನು ಒತ್ತುವುದು ಮಾತ್ರ ಮೋಟಾರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ. ಘಾಟಿ ಇಳಿಯುವಾಗ ಮ್ಯಾನ್ಯುವಲ್ ಮೋಡ್‌ಗೆ ಹಾಕಿಕೊಳ್ಳಿ.

ಪ್ರ: ತೋಟದ ಮಣ್ಣು ರಸ್ತೆಯಲ್ಲಿ ಮುಂದಿನಿಂದ ಟಕ್ ಟಕ್. ಶಾಕ್ ಅಬ್ಸಾರ್ಬರ್ ಬದಲಿಸಿ ಅನ್ನುತ್ತಾರೆ. (ಪೊನ್ನಂಪೇಟೆ)

ಉ: ಶಾಕ್ ಬದಲಿಸುವ ಮೊದಲು ಸದ್ದು ಯಾವಾಗ ಬರುತ್ತದೆ ಗಮನಿಸಿ. ಸಣ್ಣ ಗುಂಡಿಗೆಲ್ಲ ಟಕ್ ಎಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮಿನ ಬುಷ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ವೇಗದ ಜತೆ ಏರುವ ಗುಂಯ್ ಸದ್ದು, ಕಾರನ್ನು ಒಂದು ಬದಿಗೆ ವಾಲಿಸಿದಾಗ ಬದಲಾದರೆ, ವೀಲ್ ಬೇರಿಂಗ್. ಲಿಂಕ್ ರಾಡ್ ಸಣ್ಣ ಖರ್ಚು, ಅದರಿಂದ ಶುರುಮಾಡಿ. ಸ್ಟಿಯರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟು ಟಾರ್ಚ್ ಹಿಡಿದು ಚಕ್ರದ ಹಿಂದಿನ ಮಡಿಕೆ ಮಡಿಕೆಯ ರಬ್ಬರ್ ಬೂಟ್ ನೋಡಿ. ಬಿರುಕು ಬಿಟ್ಟು ರಿಮ್ಮಿನ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಆ ವಾರವೇ ಬೂಟ್ ಬದಲಿಸಿ. ಕೆಸರು ಒಳಸೇರಿದ ಮೇಲೆ ಜಾಯಿಂಟೇ ಹೋಗುತ್ತದೆ, ಖರ್ಚು ಹಲವು ಪಟ್ಟು.

ಪ್ರ: ಅಗಲದ ಟೈರ್ ಹಾಕಿಸಿದರೆ ಕೆಸರಿನಲ್ಲಿ ಹಿಡಿತ ಬರುತ್ತದೆಯೇ? (ಕುಟ್ಟ)

ಉ: ಇಲ್ಲ. ತೆಳು ಕೆಸರಿನಲ್ಲಿ ಕಿರಿದಾದ ಟೈರೇ ಕೆಸರು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ. ಗುಳಿಯೊಳಗಿನ ಸವೆತದ ಗುರುತು 1.6 ಮಿ.ಮೀ.ನಲ್ಲಿದೆ, ಅಲ್ಲಿಯವರೆಗೆ ಕಾಯಬೇಡಿ. ಜೂನ್‌ಗೆ ಮುಂಚೆ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಿಸಿ.

ಪ್ರ: ಹಳೆಯ ಕಾರು ಕೊಳ್ಳುವಾಗ ಕೊಡಗಿನ ಗಾಡಿ ಬೇಡ, ಮೈಸೂರಿನದೇ ಆಗಲಿ ಎನ್ನುತ್ತಾರೆ. ನಿಜವೇ? (ಕುಶಾಲನಗರ)

ಉ: ಕೆಎ-12 ನಂಬರ್ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ, ಆದರೆ ಮೇಲಿನ ಪೇಂಟ್ ನೋಡಿ ಕೊಳ್ಳಲೂ ಬೇಡಿ. ಡಿಕ್ಕಿಯ ಸ್ಟೆಪ್ನಿ ಎತ್ತಿ ಅದರ ಗುಳಿ ನೋಡಿ. ಜಾಕ್ ಕೊಡುವ ಅಂಚು, ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ ತೆಗೆದರೆ ಕಾಣುವ ಶಾಕ್ ಅಬ್ಸಾರ್ಬರಿನ ತಲೆ, ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಎಂದರೆ ತಗಡು ಗಟ್ಟಿ. ಬೊದ್ದೆನ್ನುವ ಸದ್ದು ಬಂದರೆ, ಇಲ್ಲವೇ ಹೊಸ ಕಪ್ಪು ಕೋಟಿಂಗ್ ದಪ್ಪಗೆ ಬಳಿದಿದ್ದರೆ ತುಕ್ಕು ಮುಚ್ಚಿದ್ದಾರೆಂದು ಅನುಮಾನಿಸಿ. 2018 ಮತ್ತು 2019ರ ಪ್ರವಾಹದ ಮಳೆಗೆ ಮುಂಚಿನ ಗಾಡಿಯಾದರೆ, ನೀರಿನಲ್ಲಿ ಮುಳುಗಿತ್ತೇ ತಿಳಿಯಲು ನಾಲ್ಕೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸೀಟನ್ನು ತೊಳೆಯುತ್ತಾರೆ, ಬೆಲ್ಟಿನ ಸುರುಳಿಯೊಳಗಿನ ಮಣ್ಣಿನ ಗೆರೆ ತೊಳೆಯಲು ಮರೆಯುತ್ತಾರೆ.

ಪ್ರ: ಮಳೆಯಲ್ಲಿ ಎರಡು ವಾರ ನಿಂತ ಕಾರಿನ ಹಿಂದಿನ ಚಕ್ರ ತಿರುಗಲಿಲ್ಲ. ಬ್ಯಾಟರಿಯೂ ಸತ್ತಿತ್ತು. (ಭಾಗಮಂಡಲ)

ಉ: ಒದ್ದೆ ಡ್ರಮ್ಮಿಗೆ ಹ್ಯಾಂಡ್‌ಬ್ರೇಕಿನ ಶೂ ತುಕ್ಕು ಹಿಡಿದು ಅಂಟಿದೆ. ಬಲವಂತದಿಂದ ಎಳೆಯಬೇಡಿ, ಶೂವಿನ ಲೈನಿಂಗ್ ಕಿತ್ತು ಬರಬಹುದು. ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ತಟ್ಟಿದರೆ ಬಿಡುತ್ತದೆ. ಇನ್ನು ಮುಂದೆ ಸಮತಟ್ಟು ಜಾಗದಲ್ಲಿ ಫಸ್ಟ್ ಗೇರಿನಲ್ಲಿ ನಿಲ್ಲಿಸಿ, ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಬ್ಯಾಟರಿಗೆ, ಹತ್ತು ನಿಮಿಷ ಸುಮ್ಮನೆ ಸ್ಟಾರ್ಟ್ ಮಾಡಿಟ್ಟರೆ ಏನೂ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಆಗದಿದ್ದರೆ ನೆಗೆಟಿವ್ ಟರ್ಮಿನಲ್ ಕಳಚಿಡಿ. ಗಡಿಯಾರವನ್ನು ಮತ್ತೆ ಹೊಂದಿಸಿಕೊಳ್ಳಬೇಕಾಗುತ್ತದೆ, ಅಷ್ಟೆ.

ಪ್ರ: ಇಲಿ ವೈರ್ ಕಡಿಯುತ್ತದೆ. ಹೊಗೆಸೊಪ್ಪು ಕಟ್ಟಿದರೆ ಸಾಕೇ? (ಗೋಣಿಕೊಪ್ಪಲು)

ಉ: ಘಾಟು ಇರುವಷ್ಟು ದಿನ ಸಾಕು, ಮಳೆಗಾಲದಲ್ಲಿ ಅದು ಒಂದು ವಾರ. ರಾತ್ರಿ ಬಾನೆಟ್ ತೆರೆದಿಡುವುದೇ ಮೇಲು. ಇಲಿಗೆ ಬೇಕಾದ್ದು ಕತ್ತಲೆ, ಬೆಚ್ಚಗಿನ ಮೂಲೆ. ಬ್ಲೋವರಿನ ಗಾಳಿ ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ, ಇಲ್ಲವಾದರೆ ಕ್ಯಾಬಿನ್ ಫಿಲ್ಟರಿನಲ್ಲೇ ಗೂಡು ಕಟ್ಟುತ್ತದೆ. ಭತ್ತದ ಚೀಲವನ್ನು ರಾತ್ರಿ ಡಿಕ್ಕಿಯಲ್ಲಿ ಬಿಡಬೇಡಿ.